ಬಾಗ್ದಾದಿಗೂ ಅಮ್ಮಾನಿಗೂ ನಡುವಿನ ಅಬೂ ಗಾಯಿಬ್

ಅಬೂ ಗಾಯಿಬ್ ಆ ದಿನ ಮರುಭೂಮಿಯಲ್ಲಿ ನನಗಾಗಿ ಗಾಡಿ ನಿಲ್ಲಿಸಿದ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹೋಗೋ, ಹೋಗು ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಕೇಳಲಿಲ್ಲ. ತನ್ನ ಸಂಸಾರವನ್ನೇ ಪಣಕ್ಕಿಟ್ಟು ಓಡುತ್ತಿರುವ ಮನುಷ್ಯನಿಗೆ ದಾರಿಬದಿಯಲ್ಲಿ ಕೆಟ್ಟು ನಿಂತವನ ಫ್ಯಾನ್ ಬೆಲ್ಟು ಯಾಕೆ ಬೇಕು? ಇದನ್ನೇ ಕೇಳಿಕೊಂಡು ನನ್ನ ತಲೆ ನರೆಯಿತು. ಸಿಟ್ಟು ಮಾತ್ರ ಹೊಸದಾಗಿಯೇ ಇದೆ.

ಈಗ ಬಾಗ್ದಾದಿನಿಂದ ಅಮ್ಮಾನಿಗೆ ವಿಮಾನ ಹಾರುತ್ತದೆ. ಮೊನ್ನೆ ನನ್ನ ತಂಗಿಯ ಮಗ ಮೊಬೈಲಿನಲ್ಲಿ ತೋರಿಸಿದ. ಎಂಟುನೂರು ಕಿಲೋಮೀಟರು, ಒಂದೂವರೆ ಗಂಟೆ. ಕಿಟಕಿ ಬದಿಯ ಸೀಟು ಬೇಕೇ ಎಂದು ಬೇರೆ ಕೇಳುತ್ತದೆ. ನಾನು ಫೋನನ್ನು ಅವನ ಕೈಗೆ ತುರುಕಿ ಎದ್ದುಬಂದೆ. ಅವನು ಏನೂ ತಪ್ಪು ಮಾಡಿರಲಿಲ್ಲ. ಆದರೆ ಒಂದೂವರೆ ಗಂಟೆ ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ.

ನಾವು ಓಡಿಸುತ್ತಿದ್ದ ಕಾಲದಲ್ಲಿ ಆಕಾಶಕ್ಕೆ ಬೀಗ ಬಿದ್ದಿತ್ತು. ಹೊರದೇಶಗಳು ನಮ್ಮ ಮೇಲೆ ಹಾಕಿದ ದಿಗ್ಬಂಧನ. ಬಾಗ್ದಾದಿನ ವಿಮಾನಗಳು ನಿಂತಲ್ಲೇ ಧೂಳು ಹಿಡಿದಿದ್ದವು. ರೋಗಿ, ಮದುಮಗಳು, ವ್ಯಾಪಾರಿ, ಕಡೆಗೆ ಪರದೇಶದಲ್ಲಿ ಸತ್ತವನ ಹೆಣ, ಯಾರೇ ಆಗಲಿ ನಮ್ಮ ಗಾಡಿಗಳಲ್ಲೇ ಮರುಭೂಮಿ ದಾಟಬೇಕಿತ್ತು. ಆ ಉದ್ದ ಮೂತಿಯ ಅಮೆರಿಕದ ಗಾಡಿಗಳನ್ನು ನಾವು ಜಿಮ್ಸಿ ಎನ್ನುತ್ತಿದ್ದೆವು. ಬೆಳಗಿನ ನಮಾಜಿಗೆ ಬಾಗ್ದಾದಿನ ಸಾಲಿಹಿಯ್ಯಾ ಗರಾಜು, ಅಂದರೆ ನಮ್ಮ ಗಾಡಿಗಳ ನಿಲ್ದಾಣ, ಬಿಟ್ಟರೆ ಅಮ್ಮಾನಿನಲ್ಲಿ ಇಳಿಯುವಾಗ ಸೂರ್ಯ ಮುಳುಗಿರುತ್ತಿದ್ದ. ಗಡಿಯಲ್ಲಿ ಸಾಲು ಉದ್ದವಿದ್ದರೆ ಅದೂ ಇಲ್ಲ. ಸೊಂಟ ಸೀಟಿನ ಆಕಾರಕ್ಕೆ ಬಗ್ಗಿ, ನೆಲದ ಮೇಲೆ ನಿಂತರೂ ಗಾಡಿಯಲ್ಲಿ ಕೂತ ಹಾಗೇ ಇರುತ್ತಿತ್ತು.

ಅವನ ಹೆಸರು ಮುಖ್ಲಿಫ್. ನಾವಿಬ್ಬರೂ ಫಲ್ಲೂಜಾದವರು, ಒಂದೇ ಓಣಿ. ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದದ್ದು ಅವನ ತಾಯಿ ಮಾತ್ರ. ಉಳಿದವರಿಗೆ ಅವನು ಅಬೂ ಗಾಯಿಬ್, ಅಂದರೆ ಇನ್ನೂ ಬಾರದವನ ಅಪ್ಪ. ಮಕ್ಕಳಾಗದ ಗಂಡಸನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಹಂಗಿಸುವುದಕ್ಕಲ್ಲ. ಮಗ ಎಲ್ಲೋ ದಾರಿಯಲ್ಲಿದ್ದಾನೆ, ಬರುತ್ತಾನೆ ಎಂಬ ಹಾರೈಕೆ. ಇಪ್ಪತ್ತು ವರ್ಷ ಕಳೆದರೂ ಆ ಮಗ ದಾರಿಯಲ್ಲೇ ಇದ್ದ.

ಅವನ ಹೆಂಡತಿ ವಸ್ಮಿಯ್ಯಾ ಯೂಫ್ರೆಟಿಸ್ ದಂಡೆಯ ಹೀತ್ ಊರಿನವಳು. ಗಂಡ ಹೊರಡುವಾಗಲೆಲ್ಲ ಗಾಡಿಯ ಹಿಂದೆ ಒಂದು ಬೋಗುಣಿ ನೀರು ಎರಚಿ, "ನೀರಿನ ಹಾಗೆ ಹೋಗಿ ನೀರಿನ ಹಾಗೆ ಬಾ" ಎನ್ನುತ್ತಿದ್ದಳು. ಅವನ ತಾಯಿಗೆ ಅವಳು ಕಣ್ಣಿನ ಕಸ. ಶುಕ್ರವಾರ ಬಂತೆಂದರೆ ಮುದುಕಿಯದು ಒಂದೇ ಪಾಠ. "ಇನ್ನೊಬ್ಬಳನ್ನ ತಾ. ಇಲ್ಲಾ ಇವಳನ್ನ ಬಿಡು." ಮುಖ್ಲಿಫ್ ಹೊರಗೆ ಬಂದು ಟೈರುಗಳನ್ನು ಒದ್ದು ನೋಡುತ್ತಿದ್ದ. ಗಾಳಿ ಸರಿಯಾಗಿಯೇ ಇರುತ್ತಿತ್ತು.

ಒಂದು ವಿಷಯ ತಿಳಿಯಬೇಕು. ನಮ್ಮ ಕಡೆ ಗಂಡಸರು ತಲಾಖ್ ಆಣೆ ಇಡುವುದು ನೀರು ಕುಡಿದಷ್ಟು ಸಲೀಸು. "ನೀನು ನಮ್ಮನೇಲಿ ಉಣ್ಣದೆ ಹೋದ್ರೆ ನನ್ನ ಹೆಂಡ್ತಿಗೆ ತಲಾಖ್!" ಎಂದು ನಾನೇ ಎಷ್ಟು ಜನರ ಅಂಗಿ ಹಿಡಿದು ಎಳೆದಿದ್ದೇನೋ. ನನ್ನವಳು ಒಳಗಿನಿಂದ, "ಪಾತ್ರೆ ತೊಳೆದಿಟ್ಟು ಹೋಗ್ಲಾ, ಹಾಗೇ ಹೋಗ್ಲಾ?" ಎಂದು ಕೂಗುತ್ತಾಳೆ. ಎಂಟು ಮಕ್ಕಳ ತಾಯಿಗೆ ಅದು ನಗುವ ಮಾತು. ಮಕ್ಕಳಿಲ್ಲದವಳಿಗೆ ಅಲ್ಲ. ಆ ಮಾತು ಯಾವಾಗ ಬೀಳುತ್ತದೋ ಎಂದು ಗಂಡನ ಕಡೆಯವರು ಕಿವಿ ತೆರೆದುಕೊಂಡೇ ಕೂತಿರುತ್ತಾರೆ. ಮುಖ್ಲಿಫ್‌ಗೆ ಇದು ಗೊತ್ತಿತ್ತು. ಅದಕ್ಕೇ ಅವನು ಜಗಳದಲ್ಲಾಗಲಿ ತಮಾಷೆಯಲ್ಲಾಗಲಿ ಆ ಮಾತನ್ನು ಇಪ್ಪತ್ತು ವರ್ಷ ನಾಲಿಗೆಯ ಹತ್ತಿರ ಸುಳಿಯಗೊಡಲಿಲ್ಲ. ಗರಾಜಿನಲ್ಲಿ ನಾವು ಅವನನ್ನು ಹಾಸ್ಯ ಮಾಡುತ್ತಿದ್ದೆವು. "ಮುಖ್ಲಿಫ್ ಆಣೆ ಇಡೋದು ಸ್ಪೇರ್ ಟೈರ್ ಮೇಲೆ" ಎನ್ನುತ್ತಿದ್ದೆವು.

ಅಂಥವನ ಬಾಯಿಂದ ಅದು ಬಿದ್ದದ್ದು ಒಂದು ಬೇಸಿಗೆಯ ಬೆಳಿಗ್ಗೆ, ಸಾಲಿಹಿಯ್ಯಾ ಗರಾಜಿನಲ್ಲಿ. ನಾನು ಹಿಂದಿನ ದಿನವೇ ಅಮ್ಮಾನಿಗೆ ಹೋಗಿದ್ದೆ. ಆದರೆ ಅಲ್ಲಿದ್ದವರೆಲ್ಲ ಆಮೇಲೆ ಎಷ್ಟು ಸಲ ಹೇಳಿದರೆಂದರೆ ನಾನೇ ನಿಂತು ಕೇಳಿದ ಹಾಗಾಗಿದೆ.

ಮುಂದಿನ ಸೀಟಿನಲ್ಲಿ ಉಸ್ತಾದ್ ನಜ್ಮಿ ಕೂತಿದ್ದರು. ವಿಮಾನದಲ್ಲಿ ಪೈಲಟ್‌ನ ಬೆನ್ನ ಹಿಂದೆ ಕೂತು ಯಂತ್ರ ನೋಡಿಕೊಳ್ಳುತ್ತಿದ್ದವರು, ನಿವೃತ್ತರು. ಓದಿದವರನ್ನು ನಮ್ಮಲ್ಲಿ ಉಸ್ತಾದ್ ಎನ್ನುತ್ತೇವೆ. ಇಸ್ತ್ರಿ ಮಾಡಿದ ಕೋಟು. ಅಂಗಿಯ ಕಾಲರ್ ಮಾತ್ರ ಸವೆದದ್ದನ್ನು ಬಿಚ್ಚಿ ಮಗುಚಿ ಹೊಲಿಸಿದ್ದು. ಆ ವರ್ಷಗಳಲ್ಲಿ ಪಿಂಚಣಿ ಒಂದು ಟ್ರೇ ಮೊಟ್ಟೆಗೂ ಸಾಲುತ್ತಿರಲಿಲ್ಲ. ಅವರ ತಂಗಿ ಟುನಿಸ್‌ಗೆ ಮದುವೆಯಾಗಿ ಹೋದವಳು. ಮಕ್ಕಾ ಯಾತ್ರೆ ಮುಗಿಸಿ ಹಿಂದಿರುಗುತ್ತ ಅಮ್ಮಾನಿನಲ್ಲಿ ವಿಮಾನ ಬದಲಾಯಿಸುತ್ತಿದ್ದಳು. ಅವಳ ವಿಮಾನ ಸಂಜೆಗೆ, ಸೂರ್ಯ ಮುಳುಗುವ ಹೊತ್ತಿನ ಮಗ್ರಿಬ್ ನಮಾಜಿನ ನಂತರ. ಇವರಿಗೆ ದೇಶ ಬಿಟ್ಟು ಹೋಗುವ ಪರವಾನಗಿ ಕೈಸೇರಿದ್ದು ಹಿಂದಿನ ದಿನ.

"ಅಬೂ ಗಾಯಿಬ್, ಮಗ್ರಿಬ್ ಬಾಂಗಿಗೆ ಮೊದಲು ತಲುಪ್ತೀವಾ?"

"ದೇವರು ಮನಸ್ಸು ಮಾಡಿದ್ರೆ ತಲುಪ್ತೀವಿ, ಉಸ್ತಾದ್."

"ಅವನ ಮನಸ್ಸಿನ ಮಾತು ಬೇಡ, ನಿನ್ನ ಗಾಡಿ ಮಾತು ಹೇಳು. ನಮ್ಮ ಕಾಲದಲ್ಲಿ ಒಂದು ಲೋಟ ಚಾ ಕುಡಿದು ಮುಗಿಸೋಷ್ಟರಲ್ಲಿ ಅಮ್ಮಾನ್ ಕಾಣ್ತಿತ್ತು."

"ಚಾ ಬಹಳ ಬಿಸಿ ಇತ್ತೇನೋ."

ಹಿಂದೆ ಕೂತಿದ್ದ ಒಬ್ಬ ದಪ್ಪ ವ್ಯಾಪಾರಿ ಗಹಗಹಿಸಿದ. "ಇವನ ಗಾಡೀಲಿ ಚಾ ಕುಡೀಬೇಡಿ ಉಸ್ತಾದ್, ಗಡಿ ಮುಟ್ಟೋಷ್ಟರಲ್ಲಿ ನಾಲ್ಕು ಸಲ ಇಳೀಬೇಕಾಗುತ್ತೆ!"

ಎಲ್ಲರೂ ನಕ್ಕರು. ಉಸ್ತಾದ್ ನಗಲಿಲ್ಲ. ಅವರಿಗೆ ಹೆದರಿಕೆಯಾಗಿತ್ತು. ಹೆದರಿದ ದೊಡ್ಡ ಮನುಷ್ಯರು ಬಯ್ಯುತ್ತಾರೆ.

"ನಗಿ, ನಗಿ. ನಾನು ಒಂದೂವರೆ ಗಂಟೇಲಿ ದಾಟ್ತಿದ್ದ ದಾರೀನ ಇವನು ಇಡೀ ಹಗಲು ತಗೊಂಡೂ ದಾಟಲ್ಲ. ಒಂಬತ್ತು ವರ್ಷ ಆಯ್ತಪ್ಪಾ ನನ್ನ ತಂಗಿ ಮುಖ ನೋಡಿ. ದೇವರು ಮನಸ್ಸು ಮಾಡಿದ್ರೆ, ದೇವರು ಮನಸ್ಸು ಮಾಡಿದ್ರೆ! ಒಂದು ಮಾತು ಕೊಟ್ಟು ಉಳಿಸ್ಕೊಳ್ಳೋ ಗಂಡಸು ಈ ದೇಶದಲ್ಲಿ ಉಳಿದಿಲ್ವಾ?"

ಮುಖ್ಲಿಫ್ ಆ ವಾರವೆಲ್ಲ ಸರಿಯಾಗಿ ಮಲಗಿರಲಿಲ್ಲ. ಕಣ್ಣು ಕೆಂಡ. ಒಂದೂವರೆ ಗಂಟೆ ಎಂಬ ಮಾತನ್ನು ಹತ್ತುವ ಪ್ರತಿಯೊಬ್ಬ ಪ್ರಯಾಣಿಕನ ಬಾಯಲ್ಲೂ ಕೇಳಿ ಕೇಳಿ ಅವನಿಗೂ ಸಾಕಾಗಿತ್ತೋ ಏನೋ. ಸ್ಟೇರಿಂಗಿಗೆ ಅಂಗೈಯಿಂದ ಗುದ್ದಿ ಹೇಳಿಯೇಬಿಟ್ಟ.

"ಮಗ್ರಿಬ್ ಬಾಂಗಿಗೆ ಮೊದಲು ನಿಮ್ಮನ್ನ ಅಮ್ಮಾನಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಇಳಿಸದಿದ್ರೆ ನನ್ನ ಹೆಂಡ್ತಿಗೆ ಮೂರು ತಲಾಖ್!"

ಗರಾಜಿನಲ್ಲಿದ್ದವರೆಲ್ಲ ತಿರುಗಿ ನೋಡಿದರಂತೆ. ನಾನು ಹೇಳಿದ್ದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಹೇಳಿದವನು ಅಬೂ ಗಾಯಿಬ್.

ಆಮೇಲೆ ಅವನು ಗಾಡಿಯನ್ನು ಹಾರಿಸಿಕೊಂಡೇ ಹೋದ. ಊಟಕ್ಕೆ ನಿಲ್ಲಿಸಲಿಲ್ಲ. ಗಡಿಯಲ್ಲಿ ಅದೃಷ್ಟಕ್ಕೆ ಸಾಲು ಚಿಕ್ಕದಿತ್ತು. ಗಡಿ ದಾಟಿ ಕರಿಕಲ್ಲಿನ ಬಯಲಿಗೆ ಇಳಿಯುವಾಗ ಸೂರ್ಯ ಇನ್ನೂ ಮೇಲೇ ಇದ್ದ. ಉಸ್ತಾದ್ ನಜ್ಮಿಯ ಮುಖ ಸಡಿಲವಾಗಿತ್ತಂತೆ. ತಂಗಿ ಚಿಕ್ಕಂದಿನಲ್ಲಿ ಖರ್ಜೂರದ ಮರದಿಂದ ಬಿದ್ದ ಕತೆ ಹೇಳುತ್ತಿದ್ದರಂತೆ.

ಅಲ್ಲಿ ನಿಂತಿತ್ತು ನನ್ನ ಗಾಡಿ. ಬಾನೆಟ್ ಎತ್ತಿಕೊಂಡು.

ನಾನು ಅಮ್ಮಾನಿನಿಂದ ಹಿಂದಿರುಗುತ್ತಿದ್ದೆ. ಬೇರಿಂಗ್ ಜಾಮಾಗಿ ಬೆಲ್ಟು ಹರಿದಿತ್ತು. ಬಿಡಿಯಾಗಿ ಇಟ್ಟುಕೊಂಡಿದ್ದ ಬೆಲ್ಟನ್ನೂ ಅದೇ ನುಂಗಿತ್ತು. ಗಾಡಿಯಲ್ಲಿ ಒಂದು ಸಂಸಾರ, ಕೈಗೂಸು. ಎರಡು ಲಾರಿಯವರು ನಿಂತು ನೀರು ಕೊಟ್ಟು ಹೋಗಿದ್ದರು. ಲಾರಿಯವರ ಹತ್ತಿರ ಜಿಮ್ಸಿಯ ಸಾಮಾನು ಎಲ್ಲಿರುತ್ತದೆ? ನಮ್ಮ ದಾರಿಯಲ್ಲಿ ಒಂದು ಕಟ್ಟಳೆ. ಯಾರೂ ಬರೆದದ್ದಲ್ಲ. ಬಾನೆಟ್ ಎತ್ತಿ ನಿಂತ ಗಾಡಿಯನ್ನು ಹಾದು ಹೋಗಬಾರದು. ಹೋದವನ ಜೊತೆ ಗರಾಜಿನಲ್ಲಿ ಯಾರೂ ಚಾ ಕುಡಿಯುವುದಿಲ್ಲ.

ಮುಖ್ಲಿಫ್ ಇಳಿದು, ಸಲಾಂ ಕೂಡ ಹೇಳದೆ ಇಂಜಿನ್ನಿಗೆ ತಲೆ ಹಾಕಿದ. ಅವನ ಹಿಂದೆಯೇ ಆ ದಪ್ಪ ವ್ಯಾಪಾರಿ ಓಡಿಬಂದು ನನ್ನ ತೋಳು ಹಿಡಿದ.

"ಅಯ್ಯಾ, ಇವನನ್ನ ಕಳಿಸು! ಮಗ್ರಿಬ್ ಒಳಗೆ ಅಮ್ಮಾನ್ ಮುಟ್ತೀನಿ ಅಂತ ಹೆಂಡ್ತಿ ಮೇಲೆ ಆಣೆ ಇಟ್ಟಿದ್ದಾನೆ, ಮೂರು ಸಲ!"

ನನಗೆ ಮೊದಲು ನಗು ಬಂತು. ಮುಖ್ಲಿಫ್‌ನ ಮುಖ ನೋಡಿದ ಮೇಲೆ ನಗು ನಿಂತಿತು.

"ನಿಜವೇನೋ, ಕತ್ತೆ?"

"ಹನ್ನೆರಡರ ಸ್ಪ್ಯಾನರ್ ಕೊಡು."

"ಹೋಗೋ! ಹಿಂದೆ ಇನ್ನೊಂದು ಜಿಮ್ಸಿ ಬರುತ್ತೆ. ನಾನೇನು ಸಾಯಲ್ಲ!"

"ಬರದಿದ್ರೆ? ಆ ಕೂಸಿನ ತುಟಿ ನೋಡಿದ್ಯಾ?"

"ಕೂಸನ್ನ ನಿನ್ನ ಗಾಡೀಲಿ ಹಾಕ್ಕೊಂಡು ಹೋಗು, ನಡಿ!"

"ಅವರ ಮನೆ ಬಾಗ್ದಾದಿನಲ್ಲಿ. ನಾನು ಹೋಗ್ತಿರೋದು ಅಮ್ಮಾನಿಗೆ. ಬಾಯಿ ಮುಚ್ಚಿ ಸ್ಪ್ಯಾನರ್ ಕೊಡೋ, ಹರ್ದಾನ್."

ಅವನ ಹೆಗಲು ಹಿಡಿದು ಹಿಂದಕ್ಕೆ ಎಳೆದೆ. ಬೈದೆ. ಅವನ ಅಪ್ಪನ ಹೆಸರು ತೆಗೆದು ಬೈದೆ. ಅವನು ಎಣ್ಣೆ ಕೈಯಿಂದ ನನ್ನನ್ನು ಪಕ್ಕಕ್ಕೆ ತಳ್ಳಿದ, ಅಷ್ಟೇ. ಅಷ್ಟರಲ್ಲಿ ಉಸ್ತಾದ್ ನಜ್ಮಿ ಇಳಿದು ಬಂದರು. ಇವರಾದರೂ ಕೂಗಾಡಿ ಅವನನ್ನು ಹೊರಡಿಸುತ್ತಾರೆ ಅಂದುಕೊಂಡೆ. ಅವರು ಕೋಟು ಬಿಚ್ಚಿ, ಮಡಚಿ, ಒಂದು ಕರಿಕಲ್ಲಿನ ಮೇಲಿಟ್ಟು ಅಂಗಿಯ ತೋಳು ಮೇಲಕ್ಕೆ ಮಡಚಿದರು.

"ಆಕಾಶದಲ್ಲಾಗಿದ್ರೆ ಯಾರಿಗಾಗಿಯೂ ನಿಲ್ಲೋಕಾಗ್ತಿರಲಿಲ್ಲ" ಎಂದರು. ಮೆಚ್ಚಿ ಹೇಳಿದರೋ ನೊಂದು ಹೇಳಿದರೋ ತಿಳಿಯಲಿಲ್ಲ. ಆಮೇಲೆ, "ಆ ತುದಿ ಹಿಡಿ ಅಬೂ ಗಾಯಿಬ್, ಬೇರಿಂಗ್ ನಾನು ಎಳೀತೀನಿ" ಎಂದರು.

ಹಾಳಾದ ಬೇರಿಂಗ್ ಬಿಸಿಗೆ ಹಿಗ್ಗಿ ಕೂತಿತ್ತು. ಅದು ಬಿಡುವಷ್ಟರಲ್ಲಿ ಕಲ್ಲುಗಳ ನೆರಳು ಉದ್ದವಾಗಿತ್ತು. ಅವನು ತನ್ನ ಬಿಡಿ ಬೇರಿಂಗನ್ನೂ ಬೆಲ್ಟನ್ನೂ ನನ್ನ ಗಾಡಿಗೆ ಹಾಕಿ ಹೊರಟ. ನಾನು ಧನ್ಯವಾದ ಹೇಳಲಿಲ್ಲ. ಅವನ ಗಾಡಿಯ ಹಿಂದೆ ಒಂದು ಕಲ್ಲು ಬೀಸಿ ಒಗೆದೆ.

ಅಮ್ಮಾನಿನ ಹೊರವಲಯದಲ್ಲೇ ಬಾಂಗ್ ಕೇಳಿಸಿತಂತೆ. ಒಂದು ಮಸೀದಿಯಿಂದ ಶುರುವಾಗಿ ಗುಡ್ಡದಿಂದ ಗುಡ್ಡಕ್ಕೆ ಹಬ್ಬಿತು. ವಿಮಾನ ನಿಲ್ದಾಣ ಇನ್ನೂ ದೂರವಿತ್ತು. ಮುಖ್ಲಿಫ್ ವೇಗ ಕಡಿಮೆ ಮಾಡದೆ ಓಡಿಸಿ ಉಸ್ತಾದರನ್ನು ಬಾಗಿಲಲ್ಲಿ ಇಳಿಸಿ ಸ್ಟೇರಿಂಗಿನ ಮೇಲೆ ತಲೆ ಇಟ್ಟ.

ಸ್ವಲ್ಪ ಹೊತ್ತಿಗೆ ಯಾರೋ ಕಿಟಕಿ ತಟ್ಟಿದರು. ಉಸ್ತಾದ್. ಅಳುತ್ತಿದ್ದರು, ನಗುತ್ತಿದ್ದರು.

"ಒಳಗೇ ಇದ್ದಾಳೆ, ಅಬೂ ಗಾಯಿಬ್! ಮಕ್ಕಾದಿಂದ ತಂದ ಜಮ್‌ಜಮ್ ನೀರಿನ ಡಬ್ಬದ ಮೇಲೆ ಕೂತು ಕಿತ್ತಳೆ ಸುಲೀತಿದ್ದಾಳೆ. ವಿಮಾನ ತಡವಂತೆ."

"ವಿಮಾನಕ್ಕೇನು ಉಸ್ತಾದ್, ಅದಕ್ಕೆ ಹೆಂಡ್ತಿ ಇಲ್ಲ" ಎಂದು ಹೇಳಿ ಮುಖ್ಲಿಫ್ ಮತ್ತೆ ಸ್ಟೇರಿಂಗಿಗೆ ತಲೆ ಇಟ್ಟ.

ಅವನು ಫಲ್ಲೂಜಾ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಡ್ರೈವರುಗಳ ಬಾಯಿಗೆ ಗಡಿಯಿಲ್ಲ. ವಸ್ಮಿಯ್ಯಾ ಗಂಟು ಕಟ್ಟಿಕೊಂಡು ಹೊಸಿಲ ಮೇಲೆ ನಿಂತಿದ್ದಳು. ಓಣಿಯವರೆಲ್ಲ ಬಾಗಿಲಲ್ಲಿದ್ದರು. ನಾನೂ ಇದ್ದೆ.

"ಇಪ್ಪತ್ತು ವರ್ಷದಿಂದ ನಿಮ್ಮಮ್ಮನ ಕೈಲಿ ನಿನ್ನ ಬಾಯಿಂದ ಆ ಮಾತು ಹೊರಡಿಸೋಕಾಗಲಿಲ್ಲ" ಎಂದಳು. "ಹಾರದೆ ಇರೋ ಒಂದು ವಿಮಾನ ಹೊರಡಿಸ್ತು."

ಅವಳು ಅಣ್ಣನ ಜೊತೆ ಹೀತ್‌ಗೆ ಹೋದಳು. ಹೊರಡುವವರ ಹಿಂದೆ ನೀರು ಎರಚಬೇಕಲ್ಲ, ಬೋಗುಣಿ ಅವಳ ಗಂಟಿನಲ್ಲೇ ಇತ್ತು.

ಮುಖ್ಲಿಫ್ ಮನೆಯೊಳಗೆ ಕಾಲಿಡಲಿಲ್ಲ. ಗಾಡಿಯ ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದ, ಎದ್ದು ಅಮ್ಮಾನಿಗೆ ಹೋಗುತ್ತಿದ್ದ, ಬರುತ್ತಿದ್ದ. ಗಡ್ಡ ಬೆಳೆಯಿತು. ಅವನ ತಾಯಿ ಮಾತ್ರ ಹತ್ತು ವರ್ಷ ಚಿಕ್ಕವಳಾದ ಹಾಗೆ ಓಡಾಡಿದಳು. ರಮಾದಿಯಲ್ಲಿ ಒಂದು ಹುಡುಗಿಯನ್ನೂ ನೋಡಿಬಂದಳು. ನನಗೆ ತಡೆಯಲಾಗಲಿಲ್ಲ. ಒಂದು ದಿನ ಅವನ ಕುತ್ತಿಗೆಪಟ್ಟಿ ಹಿಡಿದು ಹೀತ್‌ನ ಮುಲ್ಲಾ ದಹ್ಹಾಮರ ಮುಂದೆ ನಿಲ್ಲಿಸಿದೆ.

ಮುಲ್ಲಾ ವಯಸ್ಸಾದವರು, ಕಿವಿ ಮಂದ. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಆ ಮಾತು ಆಡುವಾಗ ಹೆಂಡ್ತೀನ ಬಿಡೋ ಮನಸ್ಸಿತ್ತಾ?"

"ಇಲ್ಲ, ಮುಲ್ಲಾ."

"ಮತ್ತೇನಿತ್ತು?"

"ಬೇಗ ಹೋಗೋ ಮನಸ್ಸಿತ್ತು."

ಮುಲ್ಲಾ ಗಡ್ಡ ಕೆರೆದುಕೊಂಡರು. "ಬೇರೆಯವರು ಬೇರೆ ಹೇಳ್ತಾರೆ. ನಾನು ಹೇಳೋದು ಇಷ್ಟು. ಇದು ತಲಾಖಲ್ಲ, ಮುರಿದ ಆಣೆ. ಆಣೆ ಮುರಿದವನು ಹತ್ತು ಜನ ಬಡವರಿಗೆ, ತನ್ನ ಮನೆಯವರು ಉಣ್ಣೋ ಊಟಾನೇ ಉಣ್ಣಿಸಬೇಕು."

"ಕೆಟ್ಟಿದ್ದು ನನ್ನ ಗಾಡಿ. ನಾನು ಉಣ್ಣಿಸ್ತೀನಿ" ಎಂದೆ.

"ಗಾಡಿ ಆಣೆ ಇಟ್ಟಿತ್ತಾ? ಸುಮ್ನೆ ಕೂತ್ಕೋ."

ವಸ್ಮಿಯ್ಯಾ ಅಣ್ಣನ ಕೈಲಿ ಹೇಳಿಕಳಿಸಿದಳು. ಹತ್ತು ಜನ ಉಂಡು ಎದ್ದ ಮೇಲೆ ಬರುತ್ತೇನೆ, ಅದಕ್ಕೆ ಮೊದಲಿಲ್ಲ. ಅಡುಗೆ ತಾನೇ ಮಾಡುತ್ತೇನೆ, ಅವನು ಬೇಯಿಸಿದ್ದನ್ನು ತಿಂದರೆ ಬಡವರು ಇರುವುದನ್ನೂ ಕಳೆದುಕೊಳ್ಳುತ್ತಾರೆ.

ಅಡುಗೆ ಸುಲಭ. ಬಡವರನ್ನು ಹುಡುಕುವುದೇ ಕಷ್ಟವಾಯಿತು. ಆ ದಿಗ್ಬಂಧನದ ವರ್ಷಗಳಲ್ಲಿ ಎಲ್ಲರ ಮನೆಯ ಬಾಗಿಲು, ಕಿಟಕಿಗಳೂ ಮಾರಾಟಕ್ಕೆ ಹೋಗುತ್ತಿದ್ದವು. ಆದರೂ ಮಸೀದಿಯ ಮುಂದೆ ನಿಂತು ಕೇಳಿದರೆ, "ನಾನಾ? ನನಗೇನಾಗಿದೆ? ಅಗೋ ಅವನನ್ನ ಕೇಳು" ಎನ್ನುತ್ತಿದ್ದರು. ಹೇಗೋ ಹಮಾಲರು, ಒಬ್ಬ ಕುರುಡ, ಇಬ್ಬರು ವಿಧವೆಯರು, ಹೀಗೆ ಒಟ್ಟುಮಾಡಿದೆವು. ಹತ್ತನೆಯವನು ಡಾಂಬರು ಕುದಿಸುವವನು. ಬರುತ್ತೇನೆ ಎಂದಿದ್ದ.

ವಸ್ಮಿಯ್ಯಾಳ ಅಣ್ಣನ ಅಂಗಳದಲ್ಲಿ ಚಾಪೆ ಹಾಸಿದೆವು. ನಮ್ಮಲ್ಲಿ ಒಂದೇ ಹರಿವಾಣಕ್ಕೆ ಎಲ್ಲರೂ ಕೈ ಹಾಕುವುದು. ಆ ದಿನ ಲೆಕ್ಕ ತಪ್ಪಬಾರದೆಂದು ಬೇರೆ ಬೇರೆ ತಟ್ಟೆ. ರೊಟ್ಟಿ ಮುರಿದು ಹಾಕಿ ಮೇಲೆ ಕುರಿಮಾಂಸದ ಸಾರು ಸುರಿದಿತ್ತು. ಡಾಂಬರಿನವನು ಬರಲಿಲ್ಲ. ಕಾದೆವು. ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟತೊಡಗಿತು. ಮುಖ್ಲಿಫ್ ಬಾಗಿಲು ನೋಡುತ್ತಿದ್ದ. ಅಡುಗೆಮನೆಯ ಪರದೆಯೂ ಆಗಾಗ ಅಲುಗುತ್ತಿತ್ತು.

ಬಾಗಿಲಲ್ಲಿ ಬಂದು ನಿಂತವರು ಉಸ್ತಾದ್ ನಜ್ಮಿ.

ಬಾಗ್ದಾದಿನಿಂದ ಬಸ್ಸಿನಲ್ಲಿ ಬಂದಿದ್ದರು. ಅದೇ ಕೋಟು. ಹೆಗಲಲ್ಲಿ ಮೂಳೆ ಎದ್ದು ಕಾಣುತ್ತಿತ್ತು. ಕೈಯಲ್ಲಿ ಒಂದು ಶೀಷೆ, ಕಿತ್ತಳೆ ಹೂವಿನ ನೀರು. ತಂಗಿ ಟುನಿಸ್‌ನಿಂದ ತಂದು ಅಣ್ಣನಿಗೆ ಕೊಟ್ಟದ್ದು. "ನನ್ನಿಂದಾಗಿ ಆ ತಾಯಿಗೆ ನೋವಾಯ್ತಂತೆ. ಇದನ್ನ ಕೊಟ್ಟು ಹೋಗೋಣ ಅಂತ ಬಂದೆ" ಎಂದರು. ಹತ್ತು ಊಟದ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವುದುಂಟೇ? ಮುಖ್ಲಿಫ್ ಅವರ ಕೈಹಿಡಿದು ಆ ಖಾಲಿ ಜಾಗದಲ್ಲೇ ಕೂರಿಸಿದ.

ಉಸ್ತಾದ್ ಮೊದಲು ನಿಧಾನವಾಗಿ ತಿಂದರು. ಆಮೇಲೆ ನಿಧಾನ ಮಾಡುವುದು ಅವರ ಕೈಲಿ ಆಗಲಿಲ್ಲ. ಕೊನೆಗೆ ರೊಟ್ಟಿ ಚೂರಿನಿಂದ ತಟ್ಟೆ ಒರೆಸಿದರು. ಮೂಳೆಯನ್ನೂ ಬಿಡಲಿಲ್ಲ. ನಾವೆಲ್ಲ ಬೇರೆಲ್ಲೋ ನೋಡಿದೆವು.

ಕೈ ತೊಳೆದ ಮೇಲೆ ಮುಲ್ಲಾ ದಹ್ಹಾಮ್ ಜೋರಾಗಿ ಕೇಳಿದರು. ಕಿವಿ ಮಂದವಾದವರು ಎಲ್ಲವನ್ನೂ ಜೋರಾಗಿಯೇ ಕೇಳುತ್ತಾರೆ.

"ಹತ್ತು ಆಯ್ತಲ್ಲಪ್ಪಾ, ಅಬೂ ಗಾಯಿಬ್?"

ಉಸ್ತಾದ್ ತಲೆ ಎತ್ತಿದರು. "ಏನು ಹತ್ತು?"

ಹೂಂ ಅನ್ನೋ ಎಂದು ನಾನು ಹಲ್ಲು ಕಚ್ಚಿದೆ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆ ಅಂಗಳದಲ್ಲಿ ಅವರಿಗಿಂತ ಹಸಿದವರು ಯಾರಿದ್ದರು? ಹೆಂಡತಿ ಪರದೆಯ ಆಚೆ ನಿಂತಿದ್ದಾಳೆ, ತಾಯಿ ರಮಾದಿಯವರಿಗೆ ಮಾತು ಕೊಡುವುದರಲ್ಲಿದ್ದಾಳೆ. ಒಂದು ಹೂಂ.

"ಒಂಬತ್ತು, ಮುಲ್ಲಾ" ಎಂದ ಮುಖ್ಲಿಫ್. "ಉಸ್ತಾದ್ ನನ್ನ ಅತಿಥಿ."

ಪರದೆಯ ಆಚೆ ಪಾತ್ರೆ ಕೆಳಗಿಟ್ಟ ಸದ್ದು. ನನ್ನ ಬಾಯಲ್ಲಿ ಬೈಗುಳ ತುಂಬಿಕೊಂಡಿತ್ತು, ಅತಿಥಿ ಎದುರಿದ್ದರೆಂದು ನುಂಗಿದೆ. ಉಸ್ತಾದ್ ಚಾ ಕುಡಿದು, ಎಲ್ಲರಿಗೂ ಸಲಾಂ ಹೇಳಿ, ತಲೆ ಎತ್ತಿಯೇ ಹೋದರು.

ಅವರು ಓಣಿ ತಿರುಗಿದ ಮೇಲೆ ವಸ್ಮಿಯ್ಯಾ ಹೊರಗೆ ಬಂದಳು. ಕಂಕುಳಲ್ಲಿ ಗಂಟು.

"ಗಾಡಿ ಎಲ್ಲಿ ನಿಲ್ಸಿದ್ದೀಯ?"

"ಹತ್ತು ಆಗಿಲ್ಲ, ವಸ್ಮಿಯ್ಯಾ."

"ನಂಗೆ ಕಿವಿ ಇದೆ. ಗಾಡಿ ಎಲ್ಲಿ?"

ಮುದುಕಿ ಆರು ತಿಂಗಳು ಇಬ್ಬರ ಜೊತೆಯೂ ಮಾತಾಡಲಿಲ್ಲ. ಹತ್ತನೆಯವನನ್ನು ನಾಳೆ ಉಣ್ಣಿಸುತ್ತೇನೆ, ನಾಡಿದ್ದು ಉಣ್ಣಿಸುತ್ತೇನೆ ಎಂದು ಮುಖ್ಲಿಫ್ ಹೇಳುತ್ತಲೇ ಇದ್ದ. ಅಷ್ಟರಲ್ಲಿ ಅಮ್ಮಾನಿನ ಪಾಳಿ ಬರುತ್ತಿತ್ತು. ಹಿಂದಿರುಗಿದರೆ ಮೈ ನೆಲ ಕೇಳುತ್ತಿತ್ತು. ಜಗಳವಾದಾಗ ವಸ್ಮಿಯ್ಯಾ ಹಾಸಿಗೆಯ ಆ ತುದಿಗೆ ಸರಿದು, "ಹತ್ತರಲ್ಲಿ ಒಂದು ಪಾಲು ನಾನಿನ್ನೂ ಬಿಟ್ಟವಳೇ, ದೂರ ಇರು" ಎನ್ನುತ್ತಿದ್ದಳಂತೆ. ಇದನ್ನು ಅವನೇ ಗರಾಜಿನಲ್ಲಿ ಹೇಳಿಕೊಂಡು ನಗುತ್ತಿದ್ದ. ಆಮೇಲೆ ಯುದ್ಧ ಬಂತು, ದಾರಿ ಕೆಟ್ಟಿತು. ಆಕಾಶದ ಬೀಗ ತೆಗೆದರು. ನಮ್ಮ ಜಿಮ್ಸಿಗಳು ಗುಜರಿಗೆ ಹೋದವು. ಉಸ್ತಾದ್ ನಜ್ಮಿ ಯಾವಾಗ ತೀರಿಕೊಂಡರೋ ನಮಗೆ ತಿಳಿಯಲಿಲ್ಲ. ಮುಖ್ಲಿಫ್ ಹೋದ ಚಳಿಗಾಲದಲ್ಲಿ ಹೋದ, ಬೆನ್ನು ನೋವು ಎಂದು ಮಲಗಿದವನು ಏಳಲಿಲ್ಲ.

ಮೂರು ದಿನದ ಶೋಕ ಮುಗಿದ ಮೇಲೆ ನಾನು ವಸ್ಮಿಯ್ಯಾಳ ಮುಂದೆ ಕೂತೆ. "ಅತ್ತಿಗೆ, ಆ ಹತ್ತನೆಯ ಊಟ ನಾನು ಹಾಕಿಸ್ತೀನಿ. ಅವನು ಸಾಲ ಹೊತ್ಕೊಂಡು ಮಲಗೋದು ಬೇಡ. ಆ ಬೆಲ್ಟು ನನ್ನ ಗಾಡಿಗೆ ಹಾಕಿದ್ದು."

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನೀನು ಕೈ ಹಾಕ್ಬೇಡ, ಹರ್ದಾನ್. ಅದು ನಮ್ಮಿಬ್ಬರ ಜಗಳ."

ಎದ್ದು ಬಂದೆ. ಊಟ ಇನ್ನೂ ಬಾಕಿ ಇದೆ.